ಜಯಕಾರ ಸಾಕು, ಒಂದು ಟಿಕೆಟ್ ಕೊಳ್ಳಿ!

(ಕನ್ನಡ ಕಾರ್ಯಕರ್ತರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನವೆಂಬರ್ ಒಂದು ಬಂತೆಂದರೆ ಊರಿನ ಪ್ರತಿ ವೃತ್ತದಲ್ಲೂ ಹಳದಿ ಕೆಂಪು ಬಾವುಟ ಏರುತ್ತದೆ. ಶಾಮಿಯಾನ ಬರುತ್ತದೆ, ತಾಯಿ ಭುವನೇಶ್ವರಿಯ ಪಟ ಬರುತ್ತದೆ, ಧ್ವನಿವರ್ಧಕ ಬರುತ್ತದೆ. ಸಂಜೆಗೆ ಆರ್ಕೆಸ್ಟ್ರಾ. ಇದನ್ನು ಹೀಯಾಳಿಸಲು ನಾನು ಇಲ್ಲಿ ನಿಂತಿಲ್ಲ. ಬಾವುಟ ಬೇಕು, ಹಬ್ಬವೂ ಬೇಕು. ಆದರೆ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಶಾಮಿಯಾನ ಬಿಚ್ಚಿದ ಮೇಲೆ, ನವೆಂಬರ್ ಎರಡರಿಂದ ಮುಂದಿನ ಅಕ್ಟೋಬರ್ ಮೂವತ್ತೊಂದರವರೆಗೆ, ಕನ್ನಡವನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ, ಸ್ಪಷ್ಟವಾಗಿ, ಸಂತೋಷದಿಂದ ಆಡುವ ಜಾಗಗಳು ನಮ್ಮಲ್ಲಿ ಎಷ್ಟು ಉಳಿದಿವೆ?

ಬ್ಯಾಂಕಿಗೆ ಹೋದರೆ ಕನ್ನಡ ಬಾರದ ಸಿಬ್ಬಂದಿ. ದೊಡ್ಡ ಅಂಗಡಿಗೆ ಹೋದರೆ ಇಂಗ್ಲಿಷ್. ಮಕ್ಕಳ ಶಾಲೆಗೆ ಹೋದರೆ ಅಲ್ಲಿಯೂ ಇಂಗ್ಲಿಷ್. ಉಳಿದಿರುವ ಕೆಲವೇ ಜಾಗಗಳಲ್ಲಿ ನಾಟಕದ ರಂಗವೂ ಒಂದು. ಆ ರಂಗವನ್ನು ಹೆಚ್ಚಿನ ಊರುಗಳಲ್ಲಿ ಹಿಡಿದು ನಿಲ್ಲಿಸಿರುವವರು ಯಾರು? ಸರ್ಕಾರವಲ್ಲ, ಅಕಾಡೆಮಿಯಲ್ಲ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಏಳೆಂಟು ಗೆಳೆಯರು. ಲಾಭದ ಆಸೆಯಿಲ್ಲದೆ, ಕೈಯಿಂದ ಹಣ ಹಾಕಿ ಅವರು ಕಟ್ಟುವ ಸಣ್ಣ ಹವ್ಯಾಸಿ ತಂಡ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಗೆಳೆಯರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅವರ ವಿಷಯದಲ್ಲಿ ನಾವು, ಅಂದರೆ ಕನ್ನಡ ಚಳವಳಿಯವರು, ಏನು ಮಾಡುತ್ತಿದ್ದೇವೆ ಎಂಬುದರ ಬಗ್ಗೆ.

ನಾಲ್ಕು ವರ್ಷದ ಆಯುಷ್ಯ

ಇಂಥ ತಂಡದ ಜಾತಕ ನಿಮಗೆಲ್ಲ ಗೊತ್ತಿರುವುದೇ. ಮೊದಲ ವರ್ಷ ಅಂತರ ಕಾಲೇಜು ಸ್ಪರ್ಧೆಯಲ್ಲಿ ಒಂದು ಏಕಾಂಕ. ಬಹುಮಾನ ಬರುತ್ತದೆ, ಕಾಲೇಜಿನ ಫಲಕದಲ್ಲಿ ಹೆಸರು ಬರುತ್ತದೆ. ಎರಡನೆಯ ವರ್ಷ ‘ನಾವೇ ಒಂದು ತಂಡ ಕಟ್ಟೋಣ’ ಎಂಬ ಹುರುಪು. ಯಾರದೋ ಮನೆಯ ಮಹಡಿಯ ಮೇಲೆ ತಾಲೀಮು. ಒಬ್ಬನ ಅಕ್ಕನ ಸೀರೆ ಪರದೆಯಾಗುತ್ತದೆ, ಇನ್ನೊಬ್ಬನ ಅಪ್ಪನ ಸ್ಕೂಟರು ರಂಗಪರಿಕರ ಹೊರುವ ವಾಹನವಾಗುತ್ತದೆ. ಮೂರನೆಯ ವರ್ಷ ಒಂದು ಒಳ್ಳೆಯ ನಾಟಕ, ಪತ್ರಿಕೆಯಲ್ಲಿ ಒಂದು ವಿಮರ್ಶೆ, ಮತ್ತು ತಲಾ ಇಷ್ಟು ಸಾವಿರ ಎಂದು ಹಂಚಿಕೊಂಡ ನಷ್ಟ. ನಾಲ್ಕನೆಯ ವರ್ಷ ಒಬ್ಬನಿಗೆ ಪುಣೆಯಲ್ಲಿ ಕೆಲಸ, ಒಬ್ಬಳಿಗೆ ಮದುವೆ, ಒಬ್ಬನಿಗೆ ರಾತ್ರಿ ಪಾಳಿ. ತಂಡ ಮುಗಿಯಿತು.

ಎಲ್ಲ ತಂಡಗಳೂ ಹೀಗೇ ಮುಗಿಯುವುದಿಲ್ಲ. ಕೆಲವು ಸತ್ತ ಮೇಲೂ ಲೆಟರ್‌ಹೆಡ್ ರೂಪದಲ್ಲಿ ಬದುಕಿರುತ್ತವೆ. ಅಧ್ಯಕ್ಷ ಇರುತ್ತಾನೆ, ಕಾರ್ಯದರ್ಶಿ ಇರುತ್ತಾನೆ, ರಬ್ಬರ್ ಸ್ಟಾಂಪು ಇರುತ್ತದೆ, ಅನುದಾನದ ಅರ್ಜಿ ಇರುತ್ತದೆ. ನಾಟಕ ಮಾತ್ರ ಇರುವುದಿಲ್ಲ. ಅವರ ಮಾತು ಇಲ್ಲಿಗೆ ಬಿಡೋಣ. ನಿಜವಾಗಿ ದುಡಿದು ದಣಿದು ನಿಂತುಹೋದ ತಂಡಗಳ ಬಗ್ಗೆ ಯೋಚಿಸೋಣ. ಅವು ಪ್ರತಿಭೆ ಇಲ್ಲದೆ ಸತ್ತವಲ್ಲ. ಪ್ರೇಕ್ಷಕರಿಲ್ಲದೆ ಸತ್ತವು.

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ

‘ಕಾಲೇಜು ಹುಡುಗರ ಆಟ’ ಎಂದು ತಾತ್ಸಾರ ಮಾಡುವವರು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಹುಟ್ಟಿದ್ದು ೧೯೦೯ರಲ್ಲಿ. ಹೆಸರು ಇಂಗ್ಲಿಷಿನದು, ಕಟ್ಟಿದವರು ಓದು ಬರಹ ಬಲ್ಲ ಹವ್ಯಾಸಿಗಳು. ಆಗ ವೃತ್ತಿ ಕಂಪನಿಗಳ ನಾಟಕದಲ್ಲಿ ರಾಜರು, ದೇವತೆಗಳು, ಹಾಡಿನ ಮೇಲೆ ಹಾಡು, ಗ್ರಾಂಥಿಕ ಭಾಷೆ. ನಮ್ಮ ನಿಮ್ಮ ಮನೆಯ ಪಡಸಾಲೆಯ ಮಾತನ್ನು ರಂಗದ ಮೇಲೆ ತಂದು ಕೂರಿಸಿದವರು ಟಿ.ಪಿ. ಕೈಲಾಸಂ. ಇಂಗ್ಲೆಂಡಿಗೆ ಹೋಗಿ ಭೂವಿಜ್ಞಾನ ಓದಿ ಬಂದ ಆ ಮನುಷ್ಯ ಬರೆದದ್ದು ಹವ್ಯಾಸಿಗಳಿಗಾಗಿ. ಅವರ ಮನೆಮಾತು ತಮಿಳು ಎಂಬುದನ್ನು ನೆನಪಿಡಿ, ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜಿನ ಸಂಸ್ಕೃತ ಅಧ್ಯಾಪಕರಾಗಿದ್ದ ಶ್ರೀರಂಗರು ಜೀವಮಾನವಿಡೀ ಹವ್ಯಾಸಿಗಳಿಗಾಗಿ ನಾಟಕ ಬರೆದರು. ೧೯೭೨ರಲ್ಲಿ ಸಿ.ಆರ್. ಸಿಂಹ ಮತ್ತು ಗೆಳೆಯರು ಬೆಂಗಳೂರಿನಲ್ಲಿ ‘ನಟರಂಗ’ ಕಟ್ಟಿದರು. ಗಿರೀಶ ಕಾರ್ನಾಡರ ‘ತುಘಲಕ್’ ಮತ್ತು ಮಾಸ್ತಿಯವರ ‘ಕಾಕನ ಕೋಟೆ’ಯನ್ನು ಜನರ ಬಾಯಿಗೆ ತಂದದ್ದು ಆ ತಂಡ. ಬಿ.ವಿ. ಕಾರಂತರ ‘ಬೆನಕ’ ಎಂಬ ಮುದ್ದಾದ ಹೆಸರನ್ನು ಬಿಡಿಸಿದರೆ ‘ಬೆಂಗಳೂರು ನಗರ ಕಲಾವಿದರು’. ಜಡಭರತರ ‘ಸತ್ತವರ ನೆರಳು’ ಈ ತಂಡದ ಕೈಯಲ್ಲಿ ದಶಕಗಳ ಕಾಲ ಓಡಿತು. ತುರ್ತು ಪರಿಸ್ಥಿತಿ ಬಂದ ೧೯೭೫ರಲ್ಲೇ ‘ಸಮುದಾಯ’ ಹುಟ್ಟಿತು. ೧೯೭೯ರಲ್ಲಿ ಅದರ ಜಾಥಾ ಹಳ್ಳಿ ಪಟ್ಟಣಗಳ ಬೀದಿಗೆ ನಾಟಕವನ್ನು ಕೊಂಡೊಯ್ಯಿತು.

ಇವರಲ್ಲಿ ಹೆಚ್ಚಿನವರು ಹಗಲು ಕಚೇರಿಯಲ್ಲೋ ಕಾಲೇಜಿನಲ್ಲೋ ದುಡಿದವರು. ಸಂಜೆ ಆರರ ಮೇಲೆ ತಾಲೀಮು, ಕಡೆಯ ಬಸ್ಸಿನಲ್ಲಿ ಮನೆ. ೧೯೬೩ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲುಗಳಿಗೆ ಮಾತು ಬಂದರೆ ಇಂಥ ನೂರಾರು ಗೆಳೆಯರ ಕಥೆ ಹೇಳುತ್ತವೆ.

ನುಡಿಯ ಗರಡಿ

‘ಸರಿ ಸ್ವಾಮಿ, ಇದು ಕಲೆಯ ಮಾತಾಯಿತು. ಭಾಷೆಯ ಹೋರಾಟಕ್ಕೂ ಇದಕ್ಕೂ ಏನು ಸಂಬಂಧ? ಸಿನಿಮಾ ಇದೆ, ಧಾರಾವಾಹಿ ಇದೆ, ಅಲ್ಲೂ ಕನ್ನಡ ಇದೆಯಲ್ಲ?’ ಎಂದು ನೀವು ಕೇಳಬಹುದು.

ಇದೆ. ಆದರೆ ಸಿನಿಮಾದ ನಾಯಕಿಗೆ ಕನ್ನಡ ಬಾರದಿದ್ದರೂ ನಡೆಯುತ್ತದೆ. ತುಟಿ ಅವಳದು, ದನಿ ಇನ್ನೊಬ್ಬಳದು. ನಾಟಕದಲ್ಲಿ ಈ ಸಾಲದ ವ್ಯವಹಾರ ನಡೆಯುವುದಿಲ್ಲ. ರಂಗದ ಮೇಲೆ ನಿಂತವನ ಗಂಟಲಿನಿಂದಲೇ ಕನ್ನಡ ಬರಬೇಕು. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಕೇಳಬೇಕು. ‘ಹ’ ಎನ್ನುವಲ್ಲಿ ‘ಅ’ ಎಂದರೆ, ‘ಳ’ ಎನ್ನುವಲ್ಲಿ ‘ಲ’ ಎಂದರೆ ನಿರ್ದೇಶಕ ತಾಲೀಮು ನಿಲ್ಲಿಸಿ ಹತ್ತು ಸಲ ಹೇಳಿಸುತ್ತಾನೆ. ಒಂದು ನಾಟಕಕ್ಕೆ ಎರಡು ತಿಂಗಳು ತಾಲೀಮು ಮಾಡಿದ ಹುಡುಗನ ನಾಲಿಗೆ ಮೊದಲಿನ ನಾಲಿಗೆಯಾಗಿ ಉಳಿಯುವುದಿಲ್ಲ. ಯಾವ ಪಠ್ಯಪುಸ್ತಕವೂ ಮಾಡದ ಕೆಲಸ ಇದು. ಕುಸ್ತಿಗೆ ಗರಡಿ ಮನೆ ಹೇಗೋ ನುಡಿಗೆ ನಾಟಕದ ತಾಲೀಮು ಹಾಗೆ.

ಇನ್ನೊಂದು ಮಾತು. ನಮ್ಮ ಕನ್ನಡ ಒಂದೇ ಬಗೆಯದಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ರಂಗಕ್ಕೆ ಬಂದಾಗ ಬೆಂಗಳೂರಿನವರು ಉತ್ತರ ಕರ್ನಾಟಕದ ಮಾತನ್ನು ಮೂರು ಹೊತ್ತು ಗೇಲಿ ಮಾಡುವುದನ್ನು ಬಿಟ್ಟು, ಕಿವಿಗೊಟ್ಟು ಕೇಳಿದರು. ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದು, ಸಾಕವ್ವನಾಗಿ ಉಮಾಶ್ರೀ ಮಾತಾಡಿದಾಗ, ಊರ ಹೊರಗಿನ ಕೇರಿಯ ಕನ್ನಡ ಸಭಾಂಗಣದ ನಡುವೆ ಬಂದು ಕೂತಿತು. ಏಕೀಕರಣವಾದದ್ದು ೧೯೫೬ರಲ್ಲಿ. ಆದರೆ ಬೀದರಿನ ಕನ್ನಡ, ಮಂಗಳೂರಿನ ಕನ್ನಡ, ಕೊಳ್ಳೇಗಾಲದ ಕನ್ನಡ ಒಂದರ ಮುಖ ಒಂದು ನೋಡಿದ್ದು ಇಂಥ ರಂಗಗಳ ಮೇಲೆ.

ಈಗ ಮನೆಮಾತಿನ ವಿಷಯ. ಕೈಲಾಸಂ ಅವರ ಮನೆಮಾತು ತಮಿಳು ಎಂದೆ. ಕಾರ್ನಾಡರ ಮನೆಮಾತು ಕೊಂಕಣಿ. ಶಂಕರ್‌ನಾಗ್ ಅವರದೂ ಕೊಂಕಣಿಯೇ. ಕನ್ನಡ ರಂಗಭೂಮಿಯನ್ನು ಇವರಿಲ್ಲದೆ ನೆನೆಯಲು ಆದೀತೇ? ಇಂದು ಬೆಂಗಳೂರಿನ ಯಾವುದೇ ಕಾಲೇಜಿನ ನಾಟಕ ತಂಡವನ್ನು ನೋಡಿ. ಮನೆಯಲ್ಲಿ ತೆಲುಗು ಆಡುವ ಹುಡುಗ, ಉರ್ದು ಆಡುವ ಹುಡುಗಿ, ತುಳು ಆಡುವ ಇನ್ನೊಬ್ಬ. ಎಲ್ಲರೂ ಕನ್ನಡದ ಮಾತು ಕಂಠಪಾಠ ಮಾಡುತ್ತಿರುತ್ತಾರೆ. ‘ಕನ್ನಡ ಕಲಿ’ ಎಂದು ಗದರಿಸಿ ಕಲಿಸಿದವರಿಗಿಂತ ‘ಬಾ, ನಮ್ಮ ನಾಟಕದಲ್ಲಿ ಒಂದು ಪಾತ್ರ ಇದೆ’ ಎಂದು ಕರೆದು ಕಲಿಸಿದವರು ಹೆಚ್ಚು. ಕನ್ನಡಿಗರ ಸಂಖ್ಯೆ ಹೆಚ್ಚಿಸುವ ಈ ಕೆಲಸಕ್ಕೆ ಯಾವ ಗಲಾಟೆಯೂ ಬೇಕಿಲ್ಲ. ಒಂದು ಕೋಣೆ, ಒಂದು ನಾಟಕದ ಪ್ರತಿ, ನಾಲ್ಕು ಲೋಟ ಚಹಾ ಸಾಕು.

ಪುಣೆಯ ಗೆಳೆಯರು ಹೇಳುವ ಪಾಠ

ಮರಾಠಿಯವರ ಜೊತೆ ನಮಗೆ ಗಡಿಯ ಜಗಳ ಇದೆ. ಬೆಳಗಾವಿಯ ಒಂದು ಇಂಚನ್ನೂ ಬಿಡುವುದಿಲ್ಲ, ಆ ಮಾತು ಬೇರೆ. ಆದರೆ ಎದುರಾಳಿಯಿಂದಲೂ ಕಲಿಯಬೇಕಾದ್ದನ್ನು ಕಲಿಯದವನು ಜಾಣನಲ್ಲ.

ಪುಣೆಯಲ್ಲಿ ೧೯೬೩ರಿಂದ ‘ಪುರುಷೋತ್ತಮ ಕರಂಡಕ’ ಎಂಬ ಅಂತರ ಕಾಲೇಜು ಏಕಾಂಕ ಸ್ಪರ್ಧೆ ನಡೆದುಬಂದಿದೆ. ಕಾಲೇಜು ಹುಡುಗರಿಗೆ ಅದೊಂದು ಯುದ್ಧವಿದ್ದಂತೆ. ಅಲ್ಲಿನ ರಂಗದ ಹುಡುಗರಲ್ಲಿ ಜಬ್ಬಾರ್ ಪಟೇಲ್, ಮೋಹನ್ ಆಗಾಶೆ, ಸತೀಶ್ ಆಳೇಕರ್ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಪಟೇಲ್ ಮಕ್ಕಳ ವೈದ್ಯರು, ಆಗಾಶೆ ಮನೋವೈದ್ಯರು, ಆಳೇಕರ್ ಜೀವರಸಾಯನ ಶಾಸ್ತ್ರ ಓದಿದವರು. ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜಿನ ನಂಟು ಈ ಮೂವರಿಗೂ ಇತ್ತು. ೧೯೭೨ರ ಡಿಸೆಂಬರಿನಲ್ಲಿ ಇವರು ತಮ್ಮ ಹಿರಿಯ ಸಂಸ್ಥೆಯಾದ ಪ್ರೋಗ್ರೆಸಿವ್ ಡ್ರಮಾಟಿಕ್ ಅಸೋಸಿಯೇಷನ್ ಮೂಲಕ ವಿಜಯ ತೆಂಡೂಲ್ಕರರ ‘ಘಾಶೀರಾಮ್ ಕೊತ್ವಾಲ್’ ಆಡಿದರು. ಪೇಶ್ವೆಯರ ಮಂತ್ರಿ ನಾನಾ ಫಡ್ನವೀಸನನ್ನೂ ಪುಣೆಯ ಬ್ರಾಹ್ಮಣರನ್ನೂ ಕೆಟ್ಟದಾಗಿ ತೋರಿಸಿದ್ದಾರೆಂದು ಗದ್ದಲವಾಯಿತು. ಹತ್ತೊಂಬತ್ತು ಪ್ರದರ್ಶನಗಳ ನಂತರ ಸಂಸ್ಥೆಯ ಹಿರಿಯರೇ ನಾಟಕ ನಿಲ್ಲಿಸಿದರು.

ಹುಡುಗರು ಏನು ಮಾಡಿದರು? ಅತ್ತು ಮನೆಗೆ ಹೋಗಲಿಲ್ಲ. ಹೊರಗೆ ಬಂದು ೧೯೭೩ರಲ್ಲಿ ‘ಥಿಯೇಟರ್ ಅಕಾಡೆಮಿ’ ಎಂಬ ತಮ್ಮದೇ ತಂಡ ಕಟ್ಟಿದರು. ೧೯೭೪ರಲ್ಲಿ ಅದೇ ನಾಟಕವನ್ನು ಮತ್ತೆ ರಂಗಕ್ಕೆ ತಂದರು. ೧೯೮೦ರಲ್ಲಿ ಯುರೋಪಿಗೂ ಕೊಂಡೊಯ್ದರು. ಹಗಲು ಆಸ್ಪತ್ರೆ, ಪ್ರಯೋಗಶಾಲೆ. ಸಂಜೆ ನಾಟಕ. ಆ ತಂಡ ವರ್ಷಗಟ್ಟಲೆ ನಿಂತದ್ದು ಬರೀ ಹುಡುಗರ ಛಲದಿಂದಲ್ಲ. ಪುಣೆ ಮುಂಬಯಿಗಳ ಮಧ್ಯಮ ವರ್ಗದ ಮರಾಠಿ ಸಂಸಾರಗಳಿಗೆ ಟಿಕೆಟ್ ಕೊಂಡು ನಾಟಕ ನೋಡುವ ಅಭ್ಯಾಸ ಇತ್ತು. ಹಾಲು, ಪತ್ರಿಕೆಯ ಹಾಗೆ ನಾಟಕದ ಟಿಕೆಟ್ಟಿಗೂ ಮನೆಯ ಲೆಕ್ಕದಲ್ಲಿ ಒಂದು ಜಾಗ ಇತ್ತು.

ನಮ್ಮಲ್ಲಿ? ‘ಪಾಸ್ ಇದೆಯಾ ಗುರು?’

ಸ್ವಲ್ಪ ಲೆಕ್ಕ ಮಾಡೋಣ

ಕೋಪ ಮಾಡಿಕೊಳ್ಳಬೇಡಿ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಉದಾಹರಣೆಗೆ, ೩೦೦ ಆಸನಗಳ ಸಭಾಂಗಣ. ಟಿಕೆಟ್ ೧೫೦ ರೂಪಾಯಿ. ಪೂರ್ತಿ ತುಂಬಿದರೆ ೪೫,೦೦೦ ರೂಪಾಯಿ. ಸಭಾಂಗಣದ ಬಾಡಿಗೆ, ದೀಪದ ಬಾಡಿಗೆ, ರಂಗಸಜ್ಜಿಕೆ, ಉಡುಪು, ಬಣ್ಣ, ಕರಪತ್ರ, ಸಾಮಾನು ಸಾಗಿಸುವ ಟೆಂಪೋ, ತಾಲೀಮಿನ ದಿನಗಳ ಕಾಫಿ ತಿಂಡಿ, ಎಲ್ಲ ಸೇರಿ ಖರ್ಚು ೪೦,೦೦೦ ಎಂದಿಟ್ಟುಕೊಳ್ಳಿ. ನಟರಿಗೆ ಸಂಭಾವನೆ ಇಲ್ಲ, ನಿರ್ದೇಶಕನಿಗೂ ಇಲ್ಲ. ಆಗ ಉಳಿಯುವುದು ೫,೦೦೦. ಅದು ಮುಂದಿನ ನಾಟಕದ ಬೀಜದ ಹಣ.

ಈಗ ನಮ್ಮ ವಾಸ್ತವಕ್ಕೆ ಬನ್ನಿ. ನೂರು ಆಸನ ಪಾಸಿನವರಿಗೆ. ಎಂಬತ್ತು ಆಸನ ಖಾಲಿ. ಮಾರಾಟವಾದ ಟಿಕೆಟ್ ೧೨೦. ಬಂದ ಹಣ ೧೮,೦೦೦. ನಷ್ಟ ೨೨,೦೦೦. ಹನ್ನೊಂದು ಗೆಳೆಯರು ತಲಾ ೨,೦೦೦ ಹಾಕಿಕೊಳ್ಳುತ್ತಾರೆ. ಆಗಲೇ ಸಾಲ ಮಾಡಿ ಓದುತ್ತಿರುವ ಹುಡುಗ, ಮೊದಲ ಕೆಲಸಕ್ಕೆ ಸೇರಿರುವ ಹುಡುಗಿ. ಒಂದು ಸಲ ಹಾಕುತ್ತಾರೆ, ಎರಡು ಸಲ ಹಾಕುತ್ತಾರೆ. ಮೂರನೆಯ ಸಲ ಮನೆಯವರು ಕೇಳುತ್ತಾರೆ: ‘ನಿನಗೆ ಬೇರೆ ಕೆಲಸವಿಲ್ಲವೇ?’

ಆ ನೂರು ಪಾಸಿನಲ್ಲಿ ಕೂತವರು ಯಾರೆಂದು ಬಲ್ಲಿರಾ? ಬಡವರಲ್ಲ. ಅಧಿಕಾರಿಗಳು, ಮುಖಂಡರು, ‘ಕನ್ನಡಕ್ಕಾಗಿ ಪ್ರಾಣ ಕೊಡುತ್ತೇನೆ’ ಎಂದು ವೇದಿಕೆಯ ಮೇಲೆ ಗುಡುಗುವವರು. ಸ್ವಾಮಿ, ಪ್ರಾಣ ಬೇಡ. ಅದು ನಿಮ್ಮ ಹತ್ತಿರವೇ ಇರಲಿ. ೧೫೦ ರೂಪಾಯಿ ಕೊಡಿ!

ಲಾಭಕ್ಕಲ್ಲ ಎಂದರೆ ನಷ್ಟಕ್ಕೆ ಎಂದಲ್ಲ

ಇಲ್ಲಿ ತಂಡ ಕಟ್ಟುವ ಕಿರಿಯ ಗೆಳೆಯರಿಗೂ ನಾಲ್ಕು ಮಾತು ಹೇಳಬೇಕು. ‘ನಮ್ಮದು ಲಾಭಕ್ಕಾಗಿ ಅಲ್ಲ’ ಎಂದು ನೀವು ಹೆಮ್ಮೆಯಿಂದ ಹೇಳುತ್ತೀರಿ. ಒಳ್ಳೆಯದು. ಆದರೆ ಅದರ ಅರ್ಥ ಲೆಕ್ಕವಿಲ್ಲದೆ ಬದುಕುವುದು ಎಂದಲ್ಲ. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳದೆ ಮತ್ತೆ ಅದೇ ಉದ್ದೇಶಕ್ಕೆ ಹಾಕುವುದು ಎಂದಷ್ಟೇ ಅರ್ಥ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ೧೯೬೦ರ ಪ್ರಕಾರ ಹದಿನೆಂಟು ತುಂಬಿದ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಲಲಿತ ಕಲೆ, ಸಾಹಿತ್ಯಗಳ ಪ್ರಸಾರ ಅದರ ಉದ್ದೇಶವಾಗಿರಬಹುದು. ನಿಮ್ಮ ಬೈಲಾವನ್ನು ಕನ್ನಡದಲ್ಲೇ ಬರೆಯಿರಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ, ಒಬ್ಬನ ಸ್ವಂತ ಖಾತೆಯಲ್ಲಿ ತಂಡದ ಹಣ ಇಡಬೇಡಿ. ವರ್ಷಕ್ಕೊಮ್ಮೆ ಸಭೆ ಕರೆದು, ಲೆಕ್ಕ ಪರಿಶೋಧನೆ ಮಾಡಿಸಿ, ನೋಂದಣಾಧಿಕಾರಿಗೆ ಪತ್ರ ಸಲ್ಲಿಸಿ. ಗೆಳೆತನ ಮುರಿಯುವುದು ಪಾತ್ರಕ್ಕಾಗಿ ಅಲ್ಲ, ಲೆಕ್ಕ ಸಿಗದ ಮುನ್ನೂರು ರೂಪಾಯಿಗಾಗಿ.

ಮುಖ್ಯವಾದದ್ದು ಇನ್ನೊಂದಿದೆ. ಸ್ಥಾಪಕರ ಗೆಳೆತನದ ಮೇಲೆ ಮಾತ್ರ ನಿಂತ ತಂಡ ಆ ಗೆಳೆಯರು ಚದುರಿದ ದಿನ ಬೀಳುತ್ತದೆ. ಆದ್ದರಿಂದ ಪ್ರತಿ ವರ್ಷ ನಿಮ್ಮ ಹಳೆಯ ಕಾಲೇಜಿಗೆ ಹೋಗಿ, ಮೊದಲ ವರ್ಷದ ಹುಡುಗ ಹುಡುಗಿಯರನ್ನು ಕರೆತನ್ನಿ. ದೀಪ ಹಿಡಿಯುವುದನ್ನು, ಬಣ್ಣ ಹಚ್ಚುವುದನ್ನು, ಲೆಕ್ಕ ಬರೆಯುವುದನ್ನು ಕಲಿಸಿ. ನಿಮ್ಮ ನಂತರವೂ ತಂಡ ನಡೆಯಬೇಕು.

ಕೊನೆಯದಾಗಿ ಒಂದು ಚುಚ್ಚು ಮಾತು. ಇತ್ತೀಚೆಗೆ ತಾಲೀಮಿನಲ್ಲಿ ಕೆಲವು ಹುಡುಗರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಮೊಬೈಲಿನಲ್ಲಿ ನೋಡಿ ಓದುತ್ತಾರೆ. ಅವರನ್ನು ಬೈಯಬೇಡಿ, ಅವರಿಗೆ ಅಕ್ಷರ ಕಲಿಸದ ಶಾಲೆಯನ್ನು ಬೈಯಿರಿ. ಆದರೆ ತಂಡದ ನಿಯಮ ಒಂದಿರಲಿ: ಮೊದಲ ವಾರ ಇಂಗ್ಲಿಷ್ ಅಕ್ಷರ ನಡೆದೀತು, ಎರಡನೆಯ ವಾರದಿಂದ ಕನ್ನಡ ಲಿಪಿಯ ಪ್ರತಿಯೇ ಕೈಯಲ್ಲಿರಬೇಕು. ಪಕ್ಕದ ಗೆಳೆಯ ಕೂತು ಓದಿಸಲಿ. ನಾಟಕ ಮುಗಿಯುವ ಹೊತ್ತಿಗೆ ಒಬ್ಬ ಕನ್ನಡ ಓದುಗ ಹುಟ್ಟಿರುತ್ತಾನೆ.

ಹೆಗ್ಗೋಡು ಕೊಟ್ಟ ಉತ್ತರ

‘ಇದೆಲ್ಲ ಬೆಂಗಳೂರು, ಪುಣೆಯಂಥ ಊರಿಗೆ ಸರಿ, ನಮ್ಮ ಹಳ್ಳಿಗಾಡಿನಲ್ಲಿ ಆದೀತೇ?’ ಎನ್ನುವವರಿಗೆ ಸಾಗರ ತಾಲೂಕಿನ ಹೆಗ್ಗೋಡು ೧೯೪೯ರಿಂದ ಉತ್ತರ ಕೊಡುತ್ತಿದೆ. ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನಮ್ಮ ‘ನೀನಾಸಂ’, ಹುಟ್ಟಿದಾಗ ಕೆ.ವಿ. ಸುಬ್ಬಣ್ಣನವರಿಗೆ ಹದಿನೇಳರ ಹರೆಯ. ಮೈಸೂರಿಗೆ ಹೋಗಿ ಓದಿ ಬಂದವರು ಅಲ್ಲಿಯೋ ಬೆಂಗಳೂರಿನಲ್ಲಿಯೋ ಉಳಿಯಬಹುದಿತ್ತು. ಉಳಿಯಲಿಲ್ಲ. ಊರಿಗೆ ಮರಳಿ, ಊರಿನವರನ್ನೇ ಜೊತೆಗಿಟ್ಟುಕೊಂಡು ದುಡಿದರು. ೧೯೮೦ರಲ್ಲಿ ರಂಗ ಶಿಕ್ಷಣ ಕೇಂದ್ರ ಬಂತು. ೧೯೮೫ರಲ್ಲಿ ‘ತಿರುಗಾಟ’ ಶುರುವಾಗಿ, ಕನ್ನಡ ನಾಟಕಗಳು ಊರಿಂದೂರಿಗೆ ಹೊರಟವು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ೨೦೦೫ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ತೀರಿಕೊಳ್ಳಲಿಲ್ಲ. ಅದೇ ನೋಡಿ ಅಳತೆಗೋಲು.

ತಿರುಗಾಟದ ತಂಡ ಒಂದು ಊರಿಗೆ ಬರಬೇಕಾದರೆ ಆ ಊರಿನಲ್ಲಿ ಒಂದು ಬಳಗ ಇರಬೇಕು. ಜಾಗ ಗೊತ್ತುಮಾಡಲು, ಊಟ ವಸತಿ ನೋಡಲು, ಟಿಕೆಟ್ ಮಾರಲು ನಾಲ್ಕು ಜನ ಬೇಕು. ಅಂದರೆ ನಾಟಕವನ್ನು ಉಳಿಸಿದ್ದು ನಟರು ಮಾತ್ರವಲ್ಲ, ಟಿಕೆಟ್ ಪುಸ್ತಕ ಹಿಡಿದು ಮನೆ ಮನೆ ತಿರುಗಿದ ಮೇಷ್ಟರು, ವಕೀಲರು, ಅಂಗಡಿಯವರು ಕೂಡ. ಆ ಕೆಲಸ ನಾವು ಮಾಡಬಾರದೇ? ಮೆರವಣಿಗೆಗೆ ಸಾವಿರ ಜನ ಸೇರಿಸಬಲ್ಲ ನಮಗೆ ಒಂದು ನಾಟಕಕ್ಕೆ ಮುನ್ನೂರು ಜನ ಸೇರಿಸುವುದು ಕಷ್ಟವೇ?

ನಾವು ಮಾಡಬೇಕಾದದ್ದು

ಆದ್ದರಿಂದ, ಈ ಮಾತನ್ನು ಓದುತ್ತಿರುವ ನಿಮ್ಮ ಮುಂದೆ ಐದು ಬೇಡಿಕೆ ಇಡುತ್ತೇನೆ. ಸರ್ಕಾರದ ಮುಂದೆ ಬೇಡಿಕೆ ಇಟ್ಟು ನಮಗೆ ಅಭ್ಯಾಸವಾಗಿದೆ. ಈ ಸಲ ನಮ್ಮ ಮುಂದೆಯೇ ಇಟ್ಟುಕೊಳ್ಳೋಣ.

ಒಂದು: ಮುಂದಿನ ರಾಜ್ಯೋತ್ಸವದಲ್ಲಿ ಒಂದು ಸಂಜೆಯಾದರೂ ಆರ್ಕೆಸ್ಟ್ರಾ ಬಿಟ್ಟು ನಿಮ್ಮ ಊರಿನ ಕಾಲೇಜು ಗೆಳೆಯರ ತಂಡದ ನಾಟಕ ಆಡಿಸಿ. ಆರ್ಕೆಸ್ಟ್ರಾಕ್ಕೆ ಕೊಡುವ ಹಣವನ್ನೇ ಕೊಡಿ, ‘ಅವಕಾಶ ಕೊಟ್ಟೆವಲ್ಲ’ ಎಂದು ಕೈ ತೊಳೆಯಬೇಡಿ.

ಎರಡು: ಪಾಸು ಕೇಳುವುದಿಲ್ಲ ಎಂದು ಪ್ರತಿ ಶಾಖೆಯಲ್ಲೂ ನಿರ್ಣಯ ಮಾಡಿ. ಒಂದು ಶಾಖೆಯಲ್ಲಿ ಐವತ್ತು ಕಾರ್ಯಕರ್ತರಿದ್ದು, ತಲಾ ನಾಲ್ಕು ಟಿಕೆಟ್ ಕೊಂಡು ಮನೆಯವರನ್ನು ಕರೆತಂದರೆ ಇನ್ನೂರು ಆಸನ ತುಂಬಿತು. ಆ ತಂಡ ಮುಂದಿನ ವರ್ಷವೂ ಬದುಕಿರುತ್ತದೆ.

ಮೂರು: ತಾಲೀಮಿಗೆ ಜಾಗ ಕೊಡಿಸಿ. ಸಂಜೆಯ ಹೊತ್ತು ಬೀಗ ಹಾಕಿರುವ ಶಾಲಾ ಕೊಠಡಿಗಳು, ಸಂಘದ ಕಚೇರಿಗಳು ಪ್ರತಿ ಊರಿನಲ್ಲೂ ಇವೆ. ಹುಡುಗರು ಗುಡಿಸಿ, ದೀಪ ಆರಿಸಿ ಹೋಗುತ್ತಾರೆ.

ನಾಲ್ಕು: ಸಾರ್ವಜನಿಕ ರಂಗಮಂದಿರಗಳ ವಿಷಯದಲ್ಲಿ ಹೋರಾಟ ಮಾಡಿ. ಜನರ ತೆರಿಗೆಯಲ್ಲಿ ಕಟ್ಟಿದ ರಂಗಮಂದಿರದಲ್ಲಿ ಕನ್ನಡ ನಾಟಕಕ್ಕೆ ಮೊದಲ ಆದ್ಯತೆ, ಹವ್ಯಾಸಿ ತಂಡಕ್ಕೆ ಕೈಗೆಟುಕುವ ಬಾಡಿಗೆ ಇರಬೇಕು. ಬೆಂಗಳೂರಿನ ರಂಗಶಂಕರ ೨೦೦೪ರಲ್ಲಿ ಬಾಗಿಲು ತೆರೆದದ್ದು ಶಂಕರ್‌ನಾಗ್ ನೆನಪಿನಲ್ಲಿ, ಅರುಂಧತಿ ನಾಗ್ ಮತ್ತು ಗೆಳೆಯರ ದೀರ್ಘ ದುಡಿಮೆಯಿಂದ. ಖಾಸಗಿಯವರು ಕೈಲಾದ್ದು ಮಾಡಿ ತೋರಿಸಿದ್ದಾರೆ. ಪ್ರತಿ ತಾಲೂಕು ಕೇಂದ್ರದಲ್ಲಿ ಮಳೆ ಸೋರದ, ಮಾತು ಕೇಳುವ ಒಂದು ರಂಗಮಂದಿರ ಕೇಳುವುದು ನಮ್ಮ ಹಕ್ಕು.

ಐದು: ನಿಮ್ಮ ಮಕ್ಕಳು ‘ನಾಟಕದ ತಾಲೀಮಿಗೆ ಹೋಗುತ್ತೇನೆ’ ಎಂದರೆ ‘ಓದು ಹಾಳಾಗುತ್ತದೆ’ ಎಂದು ತಡೆಯಬೇಡಿ. ಪುಣೆಯ ಆ ವೈದ್ಯರ ಓದು ಹಾಳಾಗಲಿಲ್ಲ.

ಬಂಧುಗಳೇ, ೧೯೮೨ರಲ್ಲಿ ಗೋಕಾಕ್ ಚಳವಳಿಯಲ್ಲಿ ಇಡೀ ನಾಡು ಬೀದಿಗೆ ಬಂತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಕೇಳಿದೆವು. ಆ ಕೇಳಿಕೆ ಇಂದಿಗೂ ನ್ಯಾಯವಾದದ್ದೇ. ಆದರೆ ಶಾಲೆಯಲ್ಲಿ ಕಲಿತ ಕನ್ನಡ ಶಾಲೆಯ ಗೇಟಿನ ಹೊರಗೆ ಎಲ್ಲಿಗೆ ಹೋಗಬೇಕು? ಅದಕ್ಕೆ ಒಂದು ಅಂಗಳ ಬೇಡವೇ? ಆ ಅಂಗಳವನ್ನು ಯಾರ ಅಪ್ಪಣೆಗೂ ಕಾಯದೆ, ತಮ್ಮ ಜೇಬಿನ ಹಣದಿಂದ ಈ ಹುಡುಗ ಹುಡುಗಿಯರು ಗುಡಿಸಿ ಸಾರಿಸಿ ಇಟ್ಟಿದ್ದಾರೆ. ದೀಪ ಹಚ್ಚಿ, ಮೂರನೆಯ ಗಂಟೆ ಹೊಡೆದು ನಿಮಗಾಗಿ ಕಾಯುತ್ತಿದ್ದಾರೆ.

ನಿಮ್ಮ ಊರಿನಲ್ಲಿ ಈ ತಿಂಗಳು ಯಾವ ನಾಟಕ ಇದೆ ಎಂದು ವಿಚಾರಿಸಿ. ಇದ್ದರೆ, ಮನೆಯವರ ಜೊತೆ ಹೋಗಿ, ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ನಿಮ್ಮ ಊರಿನ ಕಾಲೇಜಿನ ಹುಡುಗರನ್ನು ಕೇಳಿ. ನೀವು ಬಂದು ಕೇಳಿದಿರಿ ಎಂಬ ಒಂದೇ ಕಾರಣಕ್ಕೆ ಒಂದು ತಂಡ ಹುಟ್ಟಿದರೂ ಹುಟ್ಟೀತು.